ಕೈ ತೊಳ್ಕೊಂಡು ಬಾ

ನಲ್ಲಿ ತೊಟ್ಟಿಕ್ಕುತ್ತಿದೆ, ಹಿತ್ತಲ ನಲ್ಲಿ, ಯಾರೋ ಸರಿಯಾಗಿ ತಿರುಗಿಸಿಲ್ಲ, ಹೋಗಿ ನಿಲ್ಲಿಸಬೇಕು — ಆದರೆ ಹಂಸ ಏಳಲಿಲ್ಲ, ಮೇಜಿನ ಮೇಲೆ ಹಾಸನದಿಂದ ಬಂದ ನಮೂನೆ, ಅರಕಲಗೂಡು ತಾಲ್ಲೂಕಿನ ಈ ಆರೋಗ್ಯ ಕೇಂದ್ರಕ್ಕೆ ಕೆಲವರು ಪದೇಪದೇ ಬರುವುದೇಕೆ, ಕೆಲವರು ಬಾರದಿರುವುದೇಕೆ, ಹೆಸರಿನ ಮುಂದೆ ಕಾರಣ ಬರೆಯಿರಿ, ಸಂಜೆಯೊಳಗೆ ಕಳಿಸಿ. ಬರೆಯುವುದಕ್ಕೇನು, ಹನ್ನೆರಡು ವರ್ಷದಿಂದ ಇಲ್ಲೇ ನರ್ಸು, ಯಾರ ಹಣೆಬರಹ ಗೊತ್ತಿಲ್ಲ ಅವಳಿಗೆ, ಕನಕಲಕ್ಷ್ಮಿ, ಮೇಷ್ಟ್ರ ಹೆಂಡತಿ, ವರ್ಷಕ್ಕೆ ನಲವತ್ತೊಂದು ಸಲ, ಕಾರಣ ತಲೆನೋವು, ನಿಜವಾದ ಕಾರಣ ಇಲ್ಲಿ ಕುರ್ಚಿ ಸಿಗುತ್ತದೆ, ಬನ್ನಿ ಅಕ್ಕಾ ಕೂತ್ಕೊಳ್ಳಿ ಅನ್ನುವವರು ಸಿಗುತ್ತಾರೆ, ಅನ್ನುವವಳು ತಾನೇ. ಗಂಗಯ್ಯ ಬರುವುದೇ ಇಲ್ಲ, ಸೂಜಿ ಕಂಡರೆ ಭಯ, ಬರೆದಾಯಿತು. ಮಲ್ಲಿಗಮ್ಮ — ಒಂದೇ ಸಲ. ಕಾರಣ, ತಿಳುವಳಿಕೆ ಇಲ್ಲ, ಎಂದು ಬರೆದು ಹೊಡೆದು ಹಾಕಿದಳು, ಥೂ, ಸುಳ್ಳಿಗೂ ಒಂದು ಮಿತಿ ಬೇಡವೇ.

ಹೋದ ವರ್ಷ, ಹೊಗೆಸೊಪ್ಪು ಮುರಿಯುವ ಕಾಲ, ಸೊಪ್ಪು ಕಟ್ಟುತ್ತಿದ್ದವಳು ಹಾಗೇ ಎದ್ದು ಬಂದಿದ್ದಳು, ಬೆರಳಿಗೆಲ್ಲ ಕರಿ ಅಂಟು, ಎದೇಲಿ ಅದೇನೋ ಗಂಟು ಕಣ್ ಸಿಸ್ಟರಮ್ಮ, ಗಂಡಸು ಡಾಕ್ಟ್ರಿಗೆ ಎಂಗ್ ತೋರ್ಸ್ಲಿ, ನೀವೇ ಒಸಿ ನೋಡಿ ಅಂದು ಮೇಜಿನ ಮೇಲೆ ಕೈಯೂರಿದಳು, ಬಿಳಿ ಬಟ್ಟೆಯ ಮೇಲೆ ಐದು ಬೆರಳು ಮೂಡಿದವು, ಅಯ್ಯೋ ಇವತ್ತೇ ಹಾಸಿದ್ದು, ಮೊದಲು ಹೋಗಿ ಕೈ ತೊಳ್ಕೊಂಡು ಬಾ — ಬೈದದ್ದಲ್ಲ, ಅಲ್ಲ, ಬೈದದ್ದೇ, ಕುರ್ಚಿಯಲ್ಲಿದ್ದ ಕನಕಲಕ್ಷ್ಮಿ ನಕ್ಕಳಲ್ಲ, ತಾನೂ ನಕ್ಕಳು. ಆ ಅಂಟು ಸೋಪಿಗೆ ಹೋಗದು, ಸೊಪ್ಪಿನ ಕೆಲಸ ಮುಗಿಯುವ ತನಕ ಕೈಯಲ್ಲೇ ಇರುತ್ತದೆ, ಊರಿಗೆಲ್ಲ ಗೊತ್ತು, ಹಂಸಳಿಗೂ ಗೊತ್ತಿತ್ತು. ಅಷ್ಟರಲ್ಲಿ ಹೊಳೆನರಸೀಪುರದ ಬಸ್ಸು ಹಾರ್ನ್ ಮಾಡಿತು, ಹಂಸ ಮನೆಗೆ ಹೊರಟುಬಿಟ್ಟಳು, ನಾಳೆ ನೋಡಿದರಾಯಿತು. ಮಾರನೇ ದಿನ ಮಲ್ಲಿಗಮ್ಮ ಬರಲಿಲ್ಲ, ಹಂಸ ಕೇಳಲೂ ಇಲ್ಲ. ಬಂದದ್ದು ಅವಳ ತಂಗಿ ರೇವಮ್ಮ, ಮೊನ್ನೆ, ಅಕ್ಕ ಓಗ್ಬುಟ್ಳು ಕಣ್ ಸಿಸ್ಟರಮ್ಮ, ಓಗಿ ತೋರ್ಸು ತೋರ್ಸು ಅಂದ್ರೆ ಕೈ ಬೆಳ್ಳಗಾಗ್ಲಿ ಓಯ್ತೀನಿ ಅಂತಿದ್ಲು, ಸೊಪ್ಪು ಮುಗಿಯೋ ಒತ್ಗೆ ಗಂಟು ಒಡ್ದಿತ್ತು. ಬೈಯಲಿಲ್ಲ ರೇವಮ್ಮ, ಒಂದು ಮಾತು ಬೈದಿದ್ದರೆ ಚೆನ್ನಾಗಿತ್ತು.

ಕಾರಣ ಎಂಬಲ್ಲಿ ಹಂಸ ಎಂದು ಬರೆಯಬಹುದು, ಎರಡೇ ಅಕ್ಷರ, ಜಾಗ ಸಾಲುತ್ತದೆ, ಪೆನ್ನು ಮುಂದಕ್ಕೆ ಹೋಗುತ್ತಿಲ್ಲ, ನಲ್ಲಿ ತೊಟ್ಟಿಕ್ಕುತ್ತಿದೆ — ಅವತ್ತು ಬಸ್ಸು ತಿರುಗುವಾಗ ಕಿಟಕಿಯಿಂದ ಕಂಡದ್ದೇ ಕಾಣುತ್ತಿದೆ, ಅದೇ ನಲ್ಲಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತ ಮಲ್ಲಿಗಮ್ಮ, ಮರಳು ಹಾಕಿ ಕೈ ಉಜ್ಜುತ್ತಿದ್ದಾಳೆ, ಉಜ್ಜುತ್ತಿದ್ದಾಳೆ, ಕರಿ ಹೋಗುತ್ತಿಲ್ಲ.