ಬಾಗಿಲಾಚೆ ಕರೆದ ಹೆಸರು

ಮದುವೆಯ ಬೆಳಗ್ಗೆ ಙ್ ಯುಯೆತ್ ಙೋ ಕೆಂಪು ಜರಿಯ ಉಡುಪು ತೊಟ್ಟು, ಇಪೋ ಊರಿನ ತವರುಮನೆಯ ಕೋಣೆಯಲ್ಲಿ ಮಂಚದ ಮೇಲೆ ಕೂತು ಉಗುರು ಕಚ್ಚುತ್ತಿದ್ದಳು. ಬಾಗಿಲಿಗೆ ಒಳಗಿನಿಂದ ಚಿಲಕ. ಆಚೆ ಪಡಸಾಲೆಯಲ್ಲಿ ನೆಂಟರಿಷ್ಟರ ನಡುವೆ ಸ್ಕಾಟ್ಲೆಂಡಿನ ಮದುಮಗ ಡಂಕನ್ ಬೆವರುತ್ತ ನಿಂತಿದ್ದ. ಅವನನ್ನು ಸಲೀಸಾಗಿ ಒಳಗೆ ಬಿಟ್ಟರೆ ಹೆಣ್ಣಿನ ಕಡೆಯವರ ಮರ್ಯಾದೆ ಏನಾಗಬೇಕು? ಚಿಲಕಕ್ಕೆ ಬೆನ್ನು ಕೊಟ್ಟು ನಿಂತ ಚಿಕ್ಕಪ್ಪನ ಮಗಳು ಸಿಯೂ ಫಾನ್ ಒಳಗಿನಿಂದಲೇ ಹುಕುಂ ಕೊಟ್ಟು ಆಗಲೇ ಅವನಿಗೆ ಹಸಿ ಹಾಗಲಕಾಯಿ ತಿನ್ನಿಸಿದ್ದಳು, ಬಸ್ಕಿ ಹೊಡೆಸಿದ್ದಳು, ಹಾಡಿಸಿ ಬೀದಿನಾಯಿಗಳನ್ನೆಲ್ಲ ಎಬ್ಬಿಸಿದ್ದಳು. ಇನ್ನೊಂದೇ ಪರೀಕ್ಷೆ ಬಾಕಿ.

"ಭಾವಾ, ನಮ್ಮಕ್ಕನ ಪೂರ್ತಿ ಹೆಸರು ಕೂಗಿ. ಅಜ್ಜಿ ಒಪ್ಪಿದ್ರೆ ಬಾಗಿಲು ತೆಗೀತೀನಿ!"

ಒಳಗೆ ಯುಯೆತ್ ಙೋ ಇನ್ನೊಂದು ಉಗುರಿಗೆ ಹಲ್ಲಿಟ್ಟಳು.

ತೀರಿಹೋದ ತಾತ ಮೂರು ದಿನ ತಲೆ ಕೆಡಿಸಿಕೊಂಡು ಹುಡುಕಿದ ಹೆಸರು ಅದು. ಚೀನೀಯರ ಪದ್ಧತಿಯಂತೆ ಮೊದಲು ಬರುವ ಙ್ ಮನೆತನದ್ದು. ನಾವು ಕ ಖ ಗ ಘ ಆದಮೇಲೆ ಮೂಗಿನಲ್ಲಿ ಗೊಣಗಿ ಜೀವಮಾನವಿಡೀ ಮರೆತುಬಿಡುವ ಆ ಅಕ್ಷರಕ್ಕೆ ಈ ಊರಲ್ಲಿ ಕೈತುಂಬ ಕೆಲಸ. ಎಡಿನ್‌ಬರೋದಲ್ಲಿ ಓದುವಾಗ ಮೇಷ್ಟರುಗಳು ಹಾಜರಿ ಕೂಗುತ್ತ ಇವಳ ಹತ್ತಿರ ಬಂದೊಡನೆ ಕೆಮ್ಮುತ್ತಿದ್ದರು, ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಒಬ್ಬರು ನಿಂಗ್ ಎಂದರು, ಒಬ್ಬರು ಇಂಗ್ಲಿಷ್ ಅಕ್ಷರ ಬಿಡಿಸಿ ಎನ್ ಜಿ ಎಂದರು, ಇನ್ನೊಬ್ಬರು ಬರೀ ಬೆರಳು ತೋರಿಸಿದರು. ಪಾಪ ಅನ್ನಿಸಿ, ಆಮೇಲೆ ಬೇಜಾರಾಗಿ, "ಈವ್ ಅನ್ನಿ, ಸಾಕು" ಎಂದುಬಿಟ್ಟಳು. ಡಂಕನ್‌ಗೂ ಅವಳು ಈವ್. ಸರಿಯಾದ ಹೆಸರು ಹೇಳಿಕೊಡು ಎಂದು ಅವನು ಎಷ್ಟೋ ಸಲ ಕೇಳಿದ್ದ. "ನಿನ್ನ ಕೈಲಾಗಲ್ಲ ಬಿಡು" ಎಂದು ಇವಳೇ ಮಾತು ತೇಲಿಸಿದ್ದಳು. ಈಗ ಅವನು ಎಲ್ಲರೆದುರು ನಗೆಪಾಟಲಾದರೆ ತಪ್ಪು ಇವಳದೇ.

"ನಿಂಗ್ ಯೂಟ್ ಗೋ," ಎಂದಿತು ಹೊರಗಿನ ದನಿ.

ಪಡಸಾಲೆ ಗೊಳ್ಳೆಂದಿತು.

"ಯಾರಪ್ಪಾ ಅವ್ಳು?" ಅಜ್ಜಿಯ ದನಿ. "ನಮ್ಮನೇಲಿ ಅಂಥೋರು ಯಾರೂ ಇಲ್ಲ. ಪಕ್ಕದ ಬೀದೀಲಿ ವಿಚಾರಿಸು."

"ಇನ್ನೊಂದ್ಸಲ, ಭಾವಾ! ಒಂಬತ್ತಕ್ಕೆ ಮುಹೂರ್ತ ಮುಗಿಯುತ್ತೆ, ಇನ್ನು ಹತ್ತೇ ನಿಮಿಷ!"

"ಹೇಳ್ಕೊಡೇ ಅವನಿಗೆ," ಯುಯೆತ್ ಙೋ ಕೂತಲ್ಲಿಂದಲೇ ಕೈ ಚಾಚಿ ತಂಗಿಯ ತೋಳು ಜಗ್ಗಿದಳು.

"ನೀನು ಸುಮ್ನಿರಕ್ಕಾ. ನಾಲ್ಕು ವರ್ಷ ಏನ್ ಮಾಡ್ತಿದ್ದೆ?"

ಎರಡನೇ ಸಲ ಇನ್ನೂ ಹದಗೆಟ್ಟಿತು. "ಪಾಪ, ಹಾಗಲಕಾಯಿ ಗಂಟಲಲ್ಲೇ ಇದೆ," ಎಂದರು ಯಾರೋ. ಯುಯೆತ್ ಙೋಗೆ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಬಾಗಿಲು ಅದುರುವಂತೆ ಗುಡುಗೊಂದು ಕೇಳಿಸಿತು.

"ಙ್! ಯುಯೆತ್! ಙೋ!"

"ಬಂದೆ ಅಮ್ಮಾ!"

ತಾನು ಹಾಗೆಂದದ್ದು ಅವಳಿಗೇ ಗೊತ್ತಾಗಲಿಲ್ಲ. ದಡಬಡನೆ ಎದ್ದು, ಸಿಯೂ ಫಾನಳನ್ನು ಪಕ್ಕಕ್ಕೆ ತಳ್ಳಿ, ಚಿಲಕ ಸರಿಸಿ ಬಾಗಿಲು ತೆರೆದೇಬಿಟ್ಟಿದ್ದಳು. ಎದುರಿಗೆ ಅಮ್ಮನಲ್ಲ, ಕೆಂಪಗಾದ ಮುಖ ಹೊತ್ತ ಡಂಕನ್.

"ಅಯ್ಯೋ ನಾಚಿಕೆಗೆಟ್ಟೋಳೇ!" ಅಜ್ಜಿ ಹಣೆ ಚಚ್ಚಿಕೊಂಡರು. "ಎಪ್ಪತ್ತೆಂಟು ವರ್ಷದಲ್ಲಿ ಮದುಮಗಳೇ ಓಡ್ಬಂದು ಬಾಗಿಲು ತೆಗೆದದ್ದು ನಾನು ಕಂಡಿಲ್ಲ. ಅಷ್ಟೊಂದು ಅವಸರವೇನೇ?"

"ಎಲ್ಲಿ ಕಲಿತೆ ನೀನು?" ಯುಯೆತ್ ಙೋ ಏದುಸಿರು ಬಿಡುತ್ತ ಕೇಳಿದಳು.

"ಭಾನುವಾರ ಭಾನುವಾರ ಅತ್ತೆ ಫೋನಲ್ಲಿ ಬೈತಾರಲ್ಲ, ಪಕ್ಕದ ರೂಮಿಂದ ಕೇಳಿಸ್ಕೋತಿದ್ದೆ. ನೆಟ್ಟಗೆ ಹೇಳೋಕೆ ಬರಲ್ಲ. ಬೈದ ಹಾಗೆ ಹೇಳಿದ್ರೆ ಬರುತ್ತೆ."

ಅಮ್ಮ ಕರವಸ್ತ್ರ ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. "ಸದ್ಯ, ಇನ್ಮೇಲೆ ನಂಗೆ ಬಿಡುವು. ಅಳಿಯಂದ್ರೇ ನೋಡ್ಕೋತಾರೆ."

ಯುಯೆತ್ ಙೋ ನಗಲಿಲ್ಲ. ಮನೆಯಲ್ಲಿ ಅವಳು ಎಲ್ಲರಿಗೂ ಮರಿ, ಹೆಸರಿಟ್ಟ ತಾತನಿಗೂ ಮರಿಯೇ ಆಗಿದ್ದಳು. ಪೂರ್ತಿ ಹೆಸರು ಹೊರಬೀಳುತ್ತಿದ್ದುದು ಅಮ್ಮನ ಸಿಟ್ಟು ನೆತ್ತಿಗೇರಿದಾಗ ಮಾತ್ರ. ಹೊರಗಿನವರು ಅದನ್ನು ಮುರಿದರು, ಒಳಗಿನವರು ಬೈಗುಳಕ್ಕೆ ಬಳಸಿದರು. ಅವಳಿಗೆ ತನ್ನ ಹೆಸರಿನ ಬಗ್ಗೆಯೇ ಅಯ್ಯೋ ಅನ್ನಿಸಿತು.

"ಹಿರಿಯರಿಗೆ ಕೊಡೋ ಟೀ ಆರಿಹೋಗುತ್ತೆ, ನಡೀರಿ," ಎಂದು ಅಜ್ಜಿ ಎಲ್ಲರನ್ನೂ ಪೂಜೆಯ ಪೀಠದ ಕಡೆ ಅಟ್ಟಿದರು. ಡಂಕನ್ ಅವಳ ಕೈ ಹಿಡಿದ. ಗುಂಪು ಮುಂದಾಗುವವರೆಗೆ ಕಾದು, ಒಡೆದ ಬಟ್ಟಲಿನ ಚೂರು ಜೋಡಿಸುವವನ ಹಾಗೆ ಹೆಸರನ್ನು ಮತ್ತೊಮ್ಮೆ ಹೇಳಿದ. ಮೆಲ್ಲಗೆ ಹೇಳಿದ್ದರಿಂದ ಅರ್ಧ ತಪ್ಪಾಗಿಯೇ ಬಂತು.

"ಕೇಳಿಸ್ಲಿಲ್ಲ," ಎಂದಳು ಯುಯೆತ್ ಙೋ. "ಇನ್ನೊಂದ್ಸಲ ಹೇಳು."