ಬದಲಿಗೆ ಹೋದವಳು

ರಾಯಾಪುರದ ಖಾಸಗಿ ಶಾಲೆಯೊಂದರಲ್ಲಿ ದಾನವ್ವ ಆಯಾ. ಹನ್ನೆರಡು ವರ್ಷದಿಂದ ಅಲ್ಲಿಯ ಹದಿನಾರು ಕೋಣೆಗಳ ಕಸ ಅವಳ ಪಾಲಿಗೇ ಬಂದದ್ದು. ನಲವತ್ತೊಂದನೆಯ ವಯಸ್ಸಿಗೇ ಮೊಣಕಾಲು ಕೈಕೊಟ್ಟಿದ್ದವು. ಅಷ್ಟರಲ್ಲಿ ಆಫೀಸಿನ ಜವಾನಿಕೆ ಖಾಲಿಯಾಯಿತು. ಕೂತು ಮಾಡುವ ಕೆಲಸ. ಎಸ್ಸೆಸ್ಸೆಲ್ಸಿ ಪಾಸಾದರೆ ನಿನಗೇ, ಈ ವರ್ಷದ ಮೂರನೆಯ ಪರೀಕ್ಷೆವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಎಂದರು ಹೆಡ್ಮಾಸ್ತರು. ದಾನವ್ವ ಹೊರಗಿನಿಂದ ಪರೀಕ್ಷೆ ಕಟ್ಟಿದಳು. ಉಳಿದ ವಿಷಯಗಳೆಲ್ಲ ಹೆಂಗೋ ದಾಟಿದವು, ಗಣಿತವೊಂದು ಎರಡು ಸಲ ಕೆಡವಿತು. ಈಗ ಉಳಿದದ್ದು ಕೊನೆಯ ಸಲ.

ಶಾಲೆಯ ತುಂಬ ಟೀಚರುಗಳಿದ್ದರು, ನಿಜ. ಆದರೆ ನಿನ್ನೆ ಯಾರ ಟೇಬಲ್ಲು ಒರೆಸಿದ್ದಳೋ ಅವರ ಮುಂದೆ ಇಂದು ಪುಸ್ತಕ ಹಿಡಿದು ನಿಲ್ಲುವುದು ಹೇಗೆ? ಅವಳ ಮಾಸ್ತರೆಂದರೆ ಮಗಳು ಐಶ್ವರ್ಯಾಳ ಹತ್ತನೆಯ ತರಗತಿಯ ಗಣಿತದ ನೋಟ್‌ಬುಕ್ಕು. ಮಧ್ಯಾಹ್ನ ರೊಟ್ಟಿ ತಿಂದು, ಸಾಮಾನಿನ ಕೋಣೆಯಲ್ಲಿ ಲೆಕ್ಕ ಬಿಡಿಸಿ, ನೋಟ್‌ಬುಕ್ಕಿನ ಜೊತೆ ತಾಳೆ ನೋಡಿ, ಸರಿಯಿದ್ದರೆ ಕೆಂಪು ಪೆನ್ನಿನಿಂದ ತಾನೇ ರೈಟ್ ಹಾಕಿಕೊಳ್ಳುವಳು. ಅದರಲ್ಲಿ ಇಲ್ಲದ್ದು ಪರೀಕ್ಷೆಗೆ ಬರುವುದೇ ಇಲ್ಲವೆಂದು ಅವಳ ಗಟ್ಟಿ ನಂಬಿಕೆ. ದಪ್ಪ ಪಠ್ಯಪುಸ್ತಕವನ್ನು ಮುಟ್ಟಿದರೇನೇ ಅವಳಿಗೆ ಸುಸ್ತಾಗುತ್ತಿತ್ತು.

ಪರೀಕ್ಷೆಗೆ ಎಂಟು ದಿನ ಇರುವಾಗ, ಭಾನುವಾರ, ಕಮರಿಪೇಟೆಯ ಮನೆಯಲ್ಲಿ ಫೇಲಾದ ಎರಡೂ ಪ್ರಶ್ನೆಪತ್ರಿಕೆ ಹರಡಿಕೊಂಡು ಕೂತಳು. ಎಷ್ಟೋ ಪ್ರಶ್ನೆಗಳು ನೋಟ್‌ಬುಕ್ಕಿನಲ್ಲಿ ಹುಡುಕಿದರೂ ಇಲ್ಲ. ಪಠ್ಯಪುಸ್ತಕ ತೆಗೆದು ನೋಡಿದರೆ ಇಡೀ ತ್ರಿಕೋನಮಿತಿಯೇ ಮಾಯ, ಅದರ ಬೆನ್ನಿಗೆ ಸಂಖ್ಯಾಶಾಸ್ತ್ರ. ದಾನವ್ವನ ತಲೆ ಕೆಟ್ಟಿತು. ಮಗಳ ಶಾಲೆಯ ಗಣಿತದ ಟೀಚರು ಎರಡೆರಡು ಪಾಠ ನುಂಗಿ ನೀರು ಕುಡಿದಿದ್ದಾಳೆ, ಪಗಾರ ಮಾತ್ರ ಪೂರ್ತಿ ಎಣಿಸಿರಬೇಕು ಎಂದು ಬೈದದ್ದೇ ಬೈದದ್ದು. ಐಶ್ವರ್ಯಾ ಪಕ್ಕದಲ್ಲೇ ಒಗೆದ ಬಟ್ಟೆ ಮಡಚುತ್ತಿದ್ದಳು.

ಪ್ರತಿ ಹಾಳೆಯ ಮೂಲೆಗೆ ತಾರೀಖು ಬರೆಯುವುದು ಈ ಹುಡುಗಿಯ ರೂಢಿ. ಪಾಠ ಮಾಯವಾದ ಕಡೆ ನೋಡಿದರೆ ಡಿಸೆಂಬರ್ ಎರಡು. ಮಗುಚಿದರೆ ಜನವರಿ ಇಪ್ಪತ್ತು. ದಾನವ್ವನ ಬೈಗುಳ ಅಲ್ಲಿಗೇ ನಿಂತಿತು. ಎರಡು ವರ್ಷದ ಹಿಂದಿನ ಆ ಡಿಸೆಂಬರಿನಲ್ಲೇ ಅವಳಿಗೆ ಗರ್ಭಕೋಶದ ಆಪರೇಷನ್ ಆದದ್ದು. ಅವಳ ಶಾಲೆಯಲ್ಲಿ ಆಯಾಗಳಿಗೆ ರಜೆಯೆಂಬುದಿಲ್ಲ. ಬರಲಾಗದಿದ್ದರೆ ಮನೆಯಿಂದ ಬದಲಿ ಕಳಿಸಬೇಕು, ಇಲ್ಲವೇ ಕೆಲಸ ಬಿಡಬೇಕು. ಆಗ ಬದಲಿಗೆ ಹೋದವಳು ಐಶ್ವರ್ಯಾ.

“ಮುಂಜಾನೆ ಕಸಾ ಹೊಡದು ನನ್ನ ಸಾಲಿಗಿ ಹೋಗತೇನಿ ಅಂತಿದ್ದಿಯಲ್ಲ?” ಎಂದು ಕೇಳಿದಳು ದಾನವ್ವ.

“ಪೂರಾ ದಿನಾ ನಿಲ್ಲಸ್ತಿದ್ರವ್ವಾ. ಹೇಳಿದ್ರ ನೀ ಹೊಲಿಗಿ ಹಾಕಿದ ಹೊಟ್ಟಿ ಹಿಡಕೊಂಡು ಎದ್ದು ಹೋಗತಿದ್ದಿ.”

ಹತ್ತನೆಯ ಗಣಿತದಲ್ಲಿ ಬರೀ ನಲವತ್ತೊಂದು ಅಂಕ ಬಂದಾಗ, ನನಗ ಸೈನ್ಸ್ ಸೇರೂದೇ ಇಲ್ಲ ಎಂದು ನಕ್ಕು ಧಾರವಾಡದ ಕಾಲೇಜಿನಲ್ಲಿ ಆರ್ಟ್ಸ್ ಹಿಡಿದಿದ್ದಳು ಹುಡುಗಿ. ತನ್ನ ಮಗಳಿಗೆ ಹಟವೇ ಇಲ್ಲವೆಂದು ದಾನವ್ವ ಓಣಿಯ ತುಂಬ ಹೇಳಿಕೊಂಡು ತಿರುಗಿದ್ದಳು.

ತ್ರಿಕೋನಮಿತಿ ಹೇಳಿಕೊಡು ಎಂದರೆ ಐಶ್ವರ್ಯಾಗೂ ಬಾರದು. ದಾನವ್ವ ಹೊಸ ಹಾಳೆಯ ಮೂಲೆಗೆ ಅಂದಿನ ತಾರೀಖು ಬರೆದು, ಪಠ್ಯಪುಸ್ತಕ ಎದುರಿಗಿಟ್ಟುಕೊಂಡು ಮೊದಲ ಲೆಕ್ಕ ಹಾಕಿದಳು. ತಪ್ಪಾಯಿತು. ಹೊಡೆದು ಹಾಕಿ ಮತ್ತೆ ಹಾಕಿದಳು. ಎಂಟೂ ದಿನ ಹೀಗೇ ಹೋಯಿತು.

ಪರೀಕ್ಷೆಯ ದಿನ ನಸುಕಿನಲ್ಲೇ ಎದ್ದ ಐಶ್ವರ್ಯಾ, ಹಿಂದಿನ ಎರಡು ಸಲದಂತೆ ಬದಲಿ ಹೋಗಲು ಹಳೆಯ ಚೂಡಿದಾರ ತೊಟ್ಟು ನಿಂತಳು. ಆದರೆ ದಾನವ್ವ ಹಾಲ್ ಟಿಕೆಟ್ಟನ್ನು ಚೀಲಕ್ಕೆ ಹಾಕಿಕೊಂಡು ಆಗಲೇ ಚಪ್ಪಲಿ ಮೆಟ್ಟಿದ್ದಳು. ನಸುಕಿಗೇ ಕಸ ಹೊಡೆದು ಪರೀಕ್ಷೆಗೆ ಹೋಗುತ್ತೇನೆಂದು ಹೆಡ್ಮಾಸ್ತರನ್ನು ಒಪ್ಪಿಸಿ, ಶಾಲೆಯ ಬೀಗದ ಕೈಯನ್ನು ಶನಿವಾರವೇ ಇಸಿದುಕೊಂಡಿದ್ದಳು.

“ಹದಿನಾರು ಕೋಣಿ ಹೊಡದು ಪರೀಕ್ಷಾ ಹೆಂಗ ಬರೀತಿಯವ್ವಾ? ಇದ ಕಡೀ ಸಲ,” ಎಂದಳು ಮಗಳು.

“ನೀನೂ ಕಸಾ ಹೊಡದ ಹತ್ತನೇದು ಬರದಿಯಲ್ಲ,” ಎಂದಳು ದಾನವ್ವ. “ಈ ಹಳೀ ಅರಬಿ ಬದಲ ಮಾಡು. ಕಾಲೇಜಿಗಿ ನಡಿ.”