ಕಥೆಯವರಿಗೆ ಮನೆ ಕೊಡುವ ಸರ್

ಪುಸ್ತಕದ ಯಾವ ಪಾತ್ರವೂ ವಿಳಾಸವಿಲ್ಲದೆ ಅಲೆಯುವುದನ್ನು ಅಬ್ದುಲಸಮದ ಸರ್ ಸಹಿಸುವುದಿಲ್ಲ. ವಿಜಯಪುರದ ನಮ್ಮ ಕಾಲೇಜಿನಲ್ಲಿ ಕನ್ನಡ ಕಲಿಸುವ ಅವರು, ಹಳಗನ್ನಡದ ರಾಜನಿರಲಿ, ಹೊಸ ಕಾದಂಬರಿಯ ಗುಮಾಸ್ತನಿರಲಿ, ಪಾಠದ ನಡುವೆ ಥಟ್ಟನೆ ನಿಂತು, "ತಡೀರಿ, ಅಂವಗ ಮೊದಲ ಒಂದು ಮನಿ ಕೊಡೋಣು" ಎನ್ನುತ್ತಾರೆ. ಮರುಕ್ಷಣ ಆ ರಾಜ ಸ್ಟೇಷನ್ ರಸ್ತೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುತ್ತಾನೆ, ಅವನ ವಿರಹಿಣಿ ರಾಣಿ ಟಿಕೋಟಾದ ಬಸ್ಸಿಗೆ ಕಾಯುತ್ತಿರುತ್ತಾಳೆ. ಬೇಸಿಗೆಯಲ್ಲೂ ಬಿಡದ ಕರಿ ಕೋಟು, ಎಡಜೇಬಿನಲ್ಲಿ ಒಣದ್ರಾಕ್ಷಿ, ಬಲಜೇಬಿನಲ್ಲಿ ದಪ್ಪನೆಯ ಪುಸ್ತಕ, ಆ ಭಾರಕ್ಕೆ ಬಲಕ್ಕೆ ವಾಲಿದ ನಡಿಗೆ; ದೂರದಿಂದ ನೋಡಿದರೆ ಯಾರದೋ ಗುಟ್ಟು ಕೇಳಲು ಬಾಗಿದಂತೆ ಕಾಣುತ್ತಾರೆ.

ಹೋದ ಚಳಿಗಾಲ ಬಬಲೇಶ್ವರದ ಬಸ್ಸಿನಲ್ಲಿ ಅವರ ಪಕ್ಕ ಕೂತಿದ್ದೆ. ಪರೀಕ್ಷೆಗಿದ್ದ ಕಾದಂಬರಿಯ ನಾಯಕ ನನಗೆ ಅರ್ಥವಾಗಿರಲಿಲ್ಲ. ಕೇಳಿದ್ದಕ್ಕೆ ಸರ್ ದನಿಯೇರಿಸಿದರು: "ಅಂವ ಇರೋದು ಜೈನಾಪುರದಾಗ. ಒಣದ್ರಾಕ್ಷಿ ಶೆಡ್ಡಿನವರ ಹಿರೇ ಮಗ. ಊರಿಗೆಲ್ಲಾ ನಕ್ಕೋತ ಮಾತಾಡ್ತಾನ, ಕಟ್ಟಿಕೊಂಡ ಹೆಂಡತಿ ನೀರು ಕೊಟ್ಟರ ಮಾರಿ ಎತ್ತಿ ನೋಡಂಗಿಲ್ಲ." ಮುಂದಿನ ಸೀಟಿನ ಹೆಂಗಸೊಬ್ಬರು ತಿರುಗಿ ನೋಡಿ ಬಾಯಿಗೆ ಸೆರಗು ಹಿಡಿದರು. ಚಳಿಗಿರಬೇಕೆಂದುಕೊಂಡೆವು.

ಕೆಲವೇ ದಿನಗಳಲ್ಲಿ, ಜಲನಗರದ ಸರ್ ಮನೆಯಲ್ಲಿ ನಾನು ಪಾಠ ಕೇಳುತ್ತಿದ್ದಾಗ, ಕರಿ ಕೋಟಿನ ಗುರುತು ಹಿಡಿದು ಒಬ್ಬ ಯುವಕ ಬಾಗಿಲಿಗೆ ಬಂದ. ಹೆಸರು ಧರ್ಮರಾಜ, ಊರು ಜೈನಾಪುರ, ನಿಜಕ್ಕೂ ಒಣದ್ರಾಕ್ಷಿ ಶೆಡ್ಡಿನವರ ಹಿರಿಯ ಮಗ. ಬಸ್ಸಿನ ಹೆಂಗಸು ಬಬಲೇಶ್ವರದ ಪರಸವ್ವ; ಅವರ ಮಗಳು ಮಾಲಾಳೊಂದಿಗೆ ಗೊತ್ತಾಗಿದ್ದ ಇವನ ಮದುವೆ ಆ ಬಸ್ಸಿನ ಮಾತಿನಿಂದ ಈಗ ಮುರಿಯುವುದರಲ್ಲಿತ್ತು.

"ಸರ, ನನಗ ಹೆಂಡತೀನ ಯಾವಾಗ ಕಟ್ಟಿದ್ರಿ?"

ಚಹಾ ತಂದ ಸರ್ ಅವರ ಹೆಂಡತಿ ಮದೀನಾಬಿ, "ಮಂದಿ ಸಂಸಾರ ಬಸ್ಸಿನ್ಯಾಗ ಕೂತು ಹೂಡತೀರಿ, ಮನಿಗೆ ತರಕಾರಿ ತರೂದು ನೆನಪಿರಂಗಿಲ್ಲ" ಎಂದರು.

ಸರ್ ನಗಲಿಲ್ಲ. "ಮನಿ ಕೊಟ್ಟಾಂವ ನಾನ, ಬಿಡಸಾಂವನೂ ನಾನ" ಎಂದು ಪುಸ್ತಕ ಜೇಬಿಗಿಳಿಸಿ ಹೊರಟರು. ಧರ್ಮರಾಜನ ಜೊತೆ ನಾನೂ ಬಬಲೇಶ್ವರದ ಪರಸವ್ವನ ಮನೆಗೆ ಹೋದೆ.

"ಪುಸ್ತಕದಾಗಿನ ಮಂದೀನ ನಮ್ಮ ಬೀಗರ ಮನ್ಯಾಗ ಯಾಕ ಇಳಸ್ತೀರಿ, ಯಪ್ಪಾ?" ಎಂದರು ಪರಸವ್ವ, ಅದು ಕಾದಂಬರಿಯ ಕಥೆಯೆಂದು ಸರ್ ಹೇಳಿದಾಗ. ಸರ್ ಪುಟ ತೆರೆದು ಓದತೊಡಗಿದರು. ನಾಯಕನ ಮೌನ ಆ ಪಡಸಾಲೆಯಲ್ಲಿ ಹರಡುತ್ತ ಹೋದಂತೆ ಪರಸವ್ವನ ಸಿಟ್ಟು ಇಳಿಯಿತು. ಬಾಗಿಲಿಗೊರಗಿದ್ದ ಮಾಲಾ ಮಾತ್ರ ಕೇಳಿದಳು: "ಅಂವ ಹೆಂಡತಿ ಜೋಡಿ ಯಾಕ ಮಾತಾಡಂಗಿಲ್ರಿ?"

"ಹೊರಗ ಎಲ್ಲಾರೂ ಹೌದಪ್ಪಾ ಅಂತಾರ, ತಂಗಿ. ಅಂವ ಖರೇ ಹೆಂಗದಾನ ಅನ್ನೂದು ಅಕಿಗೊಬ್ಬಾಕಿಗೇ ಗೊತ್ತು. ಅದಕ್ಕ ಅಂಜತಾನ."

ಮಾಲಾ ಅಂಗಳದಲ್ಲಿ ನಿಂತಿದ್ದ ಧರ್ಮರಾಜನ ಕಡೆ ತಿರುಗಿದಳು. "ನೀವು ಮನ್ಯಾಗ ಮಾತಾಡ್ತೀರೇನ್ರಿ?"

ಎರಡೂ ಮನೆಯವರು ಹೊಲ, ಶೆಡ್ಡು, ಬಂಗಾರ ಎಲ್ಲ ವಿಚಾರಿಸಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ಧರ್ಮರಾಜ ನೆಲ ನೋಡಿದ. "ಭಾಳ ಇಲ್ಲ. ಕಲೀತೀನಿ."

"ಹಂಗಾರ ಈಗ ಶುರು ಮಾಡು. ಬಸ್ಸಿನ ಮಾತು ಕೇಳಿ ನನಗ ಸಾಕಾಗೇತಿ" ಎಂದ ಪರಸವ್ವ ಒಳಗೆ ಚಹಾಕ್ಕಿಟ್ಟರು.

ಬೇಸಿಗೆಯಲ್ಲಿ ಮದುವೆಯಾಯಿತು, ಕೋಟು ಹಾಕಿಕೊಂಡೇ ಸರ್ ಉಂಡರು. ಅಂದಿನಿಂದ ಕೆಟ್ಟ ಪಾತ್ರಗಳಿಗೆಲ್ಲ ಅವರ ಮನೆಯ ಮಾಳಿಗೆಯೇ ಗತಿ, ಮದೀನಾಬಿಯವರು ಗೊಣಗುತ್ತಾರೆ. ಪಾತ್ರಗಳನ್ನು ನಮ್ಮ ಓಣಿಗೆ ಕರೆತರುವ ಇಂಥ ಮಾಸ್ತರರು ಒಮ್ಮೊಮ್ಮೆ ತಪ್ಪು ಬಾಗಿಲು ಬಡಿಯುತ್ತಾರೆ. ಒಳಗಿನವರು ಕೇಳದೇ ಉಳಿಸಿಕೊಂಡ ಪ್ರಶ್ನೆ ಎಚ್ಚರಗೊಳ್ಳುವುದು ಆ ಸದ್ದಿಗೇ.